ಕಸುಬುದಾರರನ್ನು ಉಳಿಸಿಕೊಳ್ಳುವುದು: ಒಂದು ಕಾರ್ಖಾನೆಯ ಲೆಕ್ಕ, ನಮ್ಮ ತೋಟದ ಲೆಕ್ಕ

(ಸಂಘದ ಕಾರ್ಯದರ್ಶಿಯವರಿಂದ)



ಕಳೆದ ಸರ್ವಸದಸ್ಯರ ಸಭೆಯಲ್ಲಿ ಧಾರಣೆಯ ವಿಷಯ, ಗೊಬ್ಬರದ ಬಾಕಿ, ಗೋದಾಮಿನ ಮಾಡಿನ ರಿಪೇರಿ ಎಲ್ಲವೂ ಮುಗಿದು, ಇನ್ನೇನು ವಂದನಾರ್ಪಣೆಯಾಗಿ ಊಟಕ್ಕೆ ಏಳಬೇಕು ಎನ್ನುವಷ್ಟರಲ್ಲಿ ಹಿಂದಿನ ಸಾಲಿನ ಹಿರಿಯ ಸದಸ್ಯರೊಬ್ಬರು ಎದ್ದು ನಿಂತರು. “ಸೆಕ್ರೆಟರಿಗಳೇ, ಮೈಲುತುತ್ತ ತರಿಸಿದ್ದೀರಿ, ಸುಣ್ಣ ತರಿಸಿದ್ದೀರಿ, ಸಂತೋಷ. ಅದನ್ನು ಮರದ ತುದಿಗೆ ಮುಟ್ಟಿಸುವವನನ್ನು ಯಾವಾಗ ತರಿಸುತ್ತೀರಿ?” ಎಂದು ಕೇಳಿದರು. ಸಭೆ ನಕ್ಕಿತು, ನಾನೂ ನಕ್ಕೆ. ಉತ್ತರ ಕೊಡದೆ ಎಲ್ಲರೂ ಊಟಕ್ಕೆ ಎದ್ದೆವು. ಆ ಪ್ರಶ್ನೆ ಕೇಳಿದವರ ತೋಟದಲ್ಲಿ ಆ ವರ್ಷ ಕೊಳೆರೋಗಕ್ಕೆ ಮೊದಲ ಔಷಧಿಯೇ ಬಿದ್ದಿರಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು. ನಕ್ಕದ್ದಕ್ಕೆ ನಾಚಿಕೆಯಾಗಿ ಈ ಲೇಖನ ಬರೆಯುತ್ತಿದ್ದೇನೆ.

“ಆಳು ಸಿಗುವುದಿಲ್ಲ” ಎಂಬುದು ನಮ್ಮಲ್ಲಿ ಈಗ ನಮಸ್ಕಾರ ಹೇಳಿದಷ್ಟೇ ಸಹಜವಾದ ಮಾತು. ಆದರೆ ಈ ಒಂದು ಮಾತಿನೊಳಗೆ ಎರಡು ಬೇರೆ ಬೇರೆ ಸಂಗತಿಗಳಿವೆ. ಹೊಸಬನು ಸಿಗದಿರುವುದು ಒಂದು. ಸಿಕ್ಕವನು ನಿಲ್ಲದಿರುವುದು ಇನ್ನೊಂದು. ನಾವು ಮೊದಲನೆಯದರ ಬಗ್ಗೆ ಎಷ್ಟು ಮಾತಾಡುತ್ತೇವೋ ಎರಡನೆಯದರ ಬಗ್ಗೆ ಅಷ್ಟು ಸುಮ್ಮನಿರುತ್ತೇವೆ, ಏಕೆಂದರೆ ಅಲ್ಲಿ ನಮ್ಮ ಪಾಲೂ ಸ್ವಲ್ಪ ಇದೆ. ಈ ಭೇದವನ್ನು ಕಾರ್ಖಾನೆಯವರು ಸುಮಾರು 110 ವರ್ಷಗಳ ಹಿಂದೆಯೇ ಬಹಳ ದುಬಾರಿ ಬೆಲೆ ತೆತ್ತು ಕಲಿತರು. ಕಾರ್ಖಾನೆ ಬೇರೆ, ತೋಟ ಬೇರೆ ಎಂದು ನೀವು ಹೇಳುತ್ತೀರಿ. ನಿಜ, ಆ ವ್ಯತ್ಯಾಸಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಥೆ ಕೇಳಿ.

ಅಮೆರಿಕದ ಡೆಟ್ರಾಯಿಟ್ ನಗರದ ಪಕ್ಕದ ಹೈಲ್ಯಾಂಡ್ ಪಾರ್ಕಿನಲ್ಲಿ ಹೆನ್ರಿ ಫೋರ್ಡನ ಮೋಟಾರು ಕಾರಿನ ಕಾರ್ಖಾನೆ 1910ರಲ್ಲಿ ಶುರುವಾಯಿತು. 1913ರಲ್ಲಿ ಅಲ್ಲಿ ಹೊಸದೊಂದು ಕ್ರಮ ತಂದರು. ಅದುವರೆಗೆ ಕಾರು ಒಂದು ಕಡೆ ನಿಂತಿರುತ್ತಿತ್ತು, ಕೆಲಸಗಾರ ಅದರ ಸುತ್ತ ಓಡಾಡಿ ಜೋಡಿಸುತ್ತಿದ್ದ. ಈಗ ಕಾರು ಸರಪಳಿಯ ಮೇಲೆ ಸಾಗತೊಡಗಿತು, ಕೆಲಸಗಾರ ನಿಂತಲ್ಲೇ ನಿಂತು ಒಂದೇ ಕೆಲಸವನ್ನು ದಿನವಿಡೀ ಮಾಡಬೇಕಾಯಿತು. ಕಾರಿನ ಚಾಸಿಯನ್ನು ಜೋಡಿಸಲು ಮೊದಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದದ್ದು ಕೆಲವೇ ತಿಂಗಳಲ್ಲಿ 93 ನಿಮಿಷಕ್ಕೆ ಇಳಿಯಿತು. ಯಜಮಾನನ ದೃಷ್ಟಿಯಿಂದ ಇದಕ್ಕಿಂತ ಚೆಂದದ ಸಂಗತಿ ಇನ್ನೇನಿದೆ?

ಆದರೆ ಕೆಲಸಗಾರರು ನಿಲ್ಲಲಿಲ್ಲ. ನೆಟ್ಟು ತಿರುಗಿಸುವವನು ಬೆಳಗಿನಿಂದ ಸಂಜೆಯವರೆಗೆ ನೆಟ್ಟನ್ನೇ ತಿರುಗಿಸಬೇಕು. ಕಸುಬು ಬಲ್ಲವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಊರಿನಲ್ಲಿ ಬೇರೆ ಕಾರ್ಖಾನೆಗಳಿಗೂ ಕೊರತೆಯಿರಲಿಲ್ಲ. 1913ರ ಒಂದೇ ವರ್ಷದಲ್ಲಿ ಬಿಟ್ಟುಹೋದವರ ಪ್ರಮಾಣ ಶೇಕಡಾ 370. ನೂರಕ್ಕೆ ಮುನ್ನೂರ ಎಪ್ಪತ್ತು ಹೇಗಾಗುತ್ತದೆ ಎಂದು ಗಾಬರಿಯಾಗಬೇಡಿ: ನೂರು ಜಾಗಗಳಿದ್ದರೆ ಆ ಜಾಗಗಳಿಂದ ವರ್ಷದಲ್ಲಿ 370 ಮಂದಿ ಎದ್ದು ಹೋದರು ಎಂದರ್ಥ. ಸುಮಾರು 14,000 ಜನರ ಕೆಲಸ ನಡೆಯಲು ವರ್ಷಕ್ಕೆ 52,000ಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. ಅಂದರೆ ಫೋರ್ಡನಿಗೆ ಹೊಸಬರು ಸಿಗುತ್ತಿರಲಿಲ್ಲವೆಂದಲ್ಲ. ಸಿಗುತ್ತಲೇ ಇದ್ದರು, ಹೋಗುತ್ತಲೇ ಇದ್ದರು. ಹೊಸಬನಿಗೆ ಕಲಿಸುವ ಹೊತ್ತು, ಅವನು ಕೆಡಿಸಿದ ಸಾಮಾನು, ಅವನಿಂದ ತಡವಾದ ಮುಂದಿನವನ ಕೆಲಸ – ಇವು ಯಾವುವೂ ಸಂಬಳದ ಪುಸ್ತಕದಲ್ಲಿ ಕಾಣುವ ಖರ್ಚಲ್ಲ.

ಈ ಕಥೆಯಲ್ಲಿ ಎಲ್ಲರೂ ನೆನಪಿಡುವುದು ಮುಂದೆ ಬಂದ ಐದು ಡಾಲರಿನ ಸುದ್ದಿಯನ್ನು. ಆದರೆ ಅದಕ್ಕೂ ಮೊದಲು, 1913ರ ಅಕ್ಟೋಬರಿನಲ್ಲಿ ನಡೆದ ಸಣ್ಣ ಸುಧಾರಣೆಯೊಂದು ನಮ್ಮಂಥವರಿಗೆ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ. ಜಾನ್ ಲೀ ಎಂಬ ಅಧಿಕಾರಿಗೆ ಕೆಲಸಗಾರರು ಏಕೆ ಬಿಡುತ್ತಾರೆ ಎಂದು ನೋಡುವ ಕೆಲಸ ವಹಿಸಲಾಗಿತ್ತು. ಆತ ಕಂಡದ್ದು ಇದು: ಕಾರ್ಖಾನೆಯಲ್ಲಿ 69 ಬಗೆಯ ಕೂಲಿ ದರಗಳಿದ್ದವು. ಅಕ್ಕಪಕ್ಕದಲ್ಲಿ ನಿಂತು ಒಂದೇ ಕೆಲಸ ಮಾಡುವ ಇಬ್ಬರಿಗೆ ಎರಡು ದರ. ಯಾರಿಗೆ ಎಷ್ಟು ಎಂಬುದು ಮೇಸ್ತ್ರಿಯ ಮರ್ಜಿ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ನಿಂತ ಕಾಲಲ್ಲಿ ಕಳಿಸಬೇಕು ಎಂಬುದೂ ಮೇಸ್ತ್ರಿಯ ಮರ್ಜಿಯೇ. ಲೀ ಆ 69 ದರಗಳನ್ನು ಕುಶಲತೆಗೆ ಅನುಗುಣವಾಗಿ 8 ದರ್ಜೆಗಳಿಗೆ ಇಳಿಸಿದ. ಇಷ್ಟು ಕಲಿತರೆ ಇಷ್ಟು, ಇನ್ನಷ್ಟು ಕಲಿತರೆ ಇನ್ನಷ್ಟು ಎಂದು ಮೆಟ್ಟಿಲು ಕಟ್ಟಿಕೊಟ್ಟ. ಕೂಲಿಯನ್ನು ಸರಾಸರಿ ಶೇಕಡಾ 13ರಷ್ಟು ಏರಿಸಿದ. ಮತ್ತು, ಇದೇ ಮುಖ್ಯವಾದದ್ದು, ಕೆಲಸದಿಂದ ತೆಗೆಯುವ ಅಧಿಕಾರವನ್ನು ಮೇಸ್ತ್ರಿಗಳ ಕೈಯಿಂದ ಕಿತ್ತುಕೊಂಡ. ಒಂದು ವಿಭಾಗದ ಮೇಸ್ತ್ರಿಗೆ ಬೇಡವಾದವನನ್ನು ಇನ್ನೊಂದು ವಿಭಾಗಕ್ಕೆ ಹಾಕಿ ನೋಡುವ ಪದ್ಧತಿ ಬಂತು.

ಆಮೇಲೆ 1914ರ ಜನವರಿ 5. ಅಂದು ಕಂಪನಿ ದಿನಕ್ಕೆ 5 ಡಾಲರ್ ಕೊಡುವುದಾಗಿ ಸಾರಿತು. ಅದುವರೆಗೆ ಸಾಮಾನ್ಯ ಕೂಲಿ 9 ಗಂಟೆಗೆ 2 ಡಾಲರ್ 34 ಸೆಂಟ್ ಇತ್ತು. ಕೂಲಿ ಇಮ್ಮಡಿಗೂ ಹೆಚ್ಚಾಯಿತು, ಹೊತ್ತು 8 ಗಂಟೆಗೆ ಇಳಿಯಿತು. ಮರುದಿನದಿಂದಲೇ ಗೇಟಿನ ಮುಂದೆ ಸಾವಿರಾರು ಜನ ಹಿಮದಲ್ಲಿ ನಿಂತರು. ಒಂದು ವಾರದ ನಂತರ ನೂಕುನುಗ್ಗಲು ತಡೆಯಲಾರದೆ ಕೊರೆಯುವ ಚಳಿಯಲ್ಲಿ ಅವರ ಮೇಲೆ ಬೆಂಕಿ ಆರಿಸುವ ಪೈಪಿನಿಂದ ನೀರು ಬಿಟ್ಟರು. ಆಳು ಬೇಕು ಎಂದು ಕರೆದವರೇ ಬಂದವರ ಮೇಲೆ ನೀರು ಹೊಡೆಸಿದ ಈ ಸಂಗತಿಯನ್ನು ಫೋರ್ಡನನ್ನು ಹೊಗಳುವ ಭಾಷಣಗಳಲ್ಲಿ ನಾನು ಕೇಳಿಲ್ಲ.

ಐದು ಡಾಲರೂ ಸುಮ್ಮನೆ ಕೊಟ್ಟದ್ದಲ್ಲ. ಅದರಲ್ಲಿ ಸುಮಾರು ಅರ್ಧ ಭಾಗ ಕೂಲಿ, ಉಳಿದದ್ದು ಲಾಭದ ಪಾಲು. ಲಾಭದ ಪಾಲು ಸಿಗಬೇಕಾದರೆ ಆರು ತಿಂಗಳು ನಿಂತಿರಬೇಕು. ನಿಂತರಷ್ಟೇ ಸಾಲದು, ಬದುಕೂ ನೆಟ್ಟಗಿರಬೇಕೆಂದು ಕಂಪನಿ ಪ್ರತ್ಯೇಕ ಇಲಾಖೆಯನ್ನೇ ತೆರೆಯಿತು. ಅದರ ಇನ್‌ಸ್ಪೆಕ್ಟರುಗಳು ಮನೆಮನೆಗೆ ಹೋಗಿ ಕುಡಿಯುತ್ತಾನೆಯೇ, ಉಳಿತಾಯ ಎಷ್ಟು, ಮನೆ ಚೊಕ್ಕಟವಾಗಿದೆಯೇ ಎಂದೆಲ್ಲ ವಿಚಾರಿಸಿ ಬರೆದುಕೊಂಡು ಬರುತ್ತಿದ್ದರು. ಹೆಂಗಸರಿಗೆ ಮೊದಲ ಎರಡು ವರ್ಷ ಈ ಯೋಜನೆಯೇ ಅನ್ವಯಿಸಲಿಲ್ಲ, 1916ರಲ್ಲಿ ಸೇರಿಸಿಕೊಂಡರು. ಮನೆಯೊಳಗೆ ಇಣುಕುವ ಈ ಪದ್ಧತಿಯನ್ನು ಜನ ಸಹಿಸಿದರೇ ವಿನಾ ಮೆಚ್ಚಲಿಲ್ಲ. ಕೆಲವು ವರ್ಷಗಳಲ್ಲಿ ಕಂಪನಿಯೇ ಅದನ್ನು ಕೈಬಿಟ್ಟಿತು.

ಪರಿಣಾಮ ಮಾತ್ರ ಕಣ್ಣಿಗೆ ಕಾಣುವಂತಿತ್ತು. ಶೇಕಡಾ 370 ಇದ್ದದ್ದು 1914ರಲ್ಲಿ 54ಕ್ಕೆ, 1915ರಲ್ಲಿ 16ಕ್ಕೆ ಇಳಿಯಿತು. ಕೂಲಿ ಇಮ್ಮಡಿಯಾದರೂ ಕಂಪನಿ ಮುಳುಗಲಿಲ್ಲ, ಲಾಭ ಏರಿತು. 1908ರಲ್ಲಿ 850 ಡಾಲರ್ ಇದ್ದ ಕಾರಿನ ಬೆಲೆಯನ್ನು 1916ರ ಹೊತ್ತಿಗೆ 360ಕ್ಕೆ ಇಳಿಸಲೂ ಸಾಧ್ಯವಾಯಿತು. ಆದರೆ ಯುದ್ಧಕಾಲದ ಬೆಲೆಯೇರಿಕೆ ಆ ಐದು ಡಾಲರನ್ನು ಮೆಲ್ಲಗೆ ತಿಂದುಹಾಕಿತು, 1919ರಲ್ಲಿ ಆರು ಮಾಡಬೇಕಾಯಿತು. ಒಮ್ಮೆ ಏರಿಸಿದ ಕೂಲಿ ಎಂದೆಂದಿಗೂ ಹೆಚ್ಚಿನ ಕೂಲಿಯಾಗಿ ಉಳಿಯುವುದಿಲ್ಲ.

ಇನ್ನೊಂದು ಮಾತು. ಸರಪಳಿಯ ಪಕ್ಕ ನಿಲ್ಲುವವನನ್ನು ದುಡ್ಡಿನಿಂದ ನಿಲ್ಲಿಸಬಹುದು. ಆದರೆ ಯಂತ್ರಕ್ಕೆ ಬೇಕಾದ ಅಚ್ಚು, ಉಪಕರಣ ತಯಾರಿಸುವ ನಿಜವಾದ ಕಸುಬುದಾರ ಎಷ್ಟು ದುಡ್ಡು ಕೊಟ್ಟರೂ ರಾತ್ರಿ ಬೆಳಗಾಗುವುದರೊಳಗೆ ಹುಟ್ಟುವುದಿಲ್ಲ. ಅದಕ್ಕೆ ಫೋರ್ಡ್ 1916ರಲ್ಲಿ ಹುಡುಗರಿಗಾಗಿ ಕಸುಬಿನ ಶಾಲೆ ತೆರೆದ. ಹುಡುಗರು ಒಂದಷ್ಟು ದಿನ ತರಗತಿಯಲ್ಲಿ, ಹೆಚ್ಚು ದಿನ ಕಾರ್ಖಾನೆಯಲ್ಲಿ ಕಲಿಯುತ್ತಿದ್ದರು. ಕಲಿಯುವಾಗಲೇ ಅವರಿಗೆ ವೇತನವೂ ಇತ್ತು.

ಈಗ ನಮ್ಮ ಅಂಗಳಕ್ಕೆ ಬರೋಣ, ಮೊದಲು ನನ್ನದೇ ಅಂಗಳಕ್ಕೆ.

ನಮ್ಮ ತಂದೆಯವರ ಕಾಲದಿಂದ ಒಬ್ಬ ಕೊನೆ ತೆಗೆಯುವವನು ನಮ್ಮಲ್ಲಿಗೆ ಬರುತ್ತಿದ್ದ. ಹದಿನೇಳು ವರ್ಷ ಬಂದ. ಒಂದು ಮರ ಹತ್ತಿದನೆಂದರೆ ಇಳಿಯದೆ ಮರದಿಂದ ಮರಕ್ಕೆ ದಾಟಿಕೊಂಡು ಒಂದು ಸಾಲನ್ನೇ ಮುಗಿಸುವ ಕಸುಬು ಅವನದು. ಯಾವ ಮರದ ತಲೆ ಒಣಗುತ್ತಿದೆ, ಯಾವ ಕೊನೆಗೆ ಇನ್ನೂ ಎಂಟು ದಿನ ಬೇಕು ಎಂದು ಮೇಲಿನಿಂದಲೇ ಕೂಗಿ ಹೇಳುತ್ತಿದ್ದ. ಒಂದು ಜುಲೈ ತಿಂಗಳು, ಶನಿವಾರ ಬಟವಾಡೆ. ಆ ವಾರ ಒಂದು ಬೆಳಿಗ್ಗೆ ಹಳ್ಳ ತುಂಬಿ ಅವನು ತಡವಾಗಿ ಬಂದಿದ್ದ. ನಮ್ಮ ಮೇಸ್ತ್ರಿ ಎಲ್ಲ ಆಳುಗಳ ಎದುರಿಗೆ, “ನಿನಗೆ ಅರ್ಧ ದಿನ ಇಲ್ಲ” ಎಂದು ಹೇಳಿ ಅರ್ಧ ದಿನದ ಕೂಲಿ ಹಿಡಿದುಕೊಂಡ. ನಾನು ಜಗಲಿಯಲ್ಲೇ ಕುಳಿತು ಲೆಕ್ಕ ಬರೆಯುತ್ತಿದ್ದೆ. ಮೇಸ್ತ್ರಿಯ ಮಾತಿನ ನಡುವೆ ಬಾಯಿ ಹಾಕಿದರೆ ಶಿಸ್ತು ಕೆಡುತ್ತದೆ ಎಂದುಕೊಂಡು ಬರೆದುಕೊಂಡೆ.

ಮರುವಾರ ಅವನು ಬರಲಿಲ್ಲ. ಎರಡನೆಯ ಸಿಂಪರಣೆ ಮೂರು ವಾರ ತಡವಾಯಿತು. ಬೋರ್ಡೋ ದ್ರಾವಣದ ಮಾತು ನಿಮಗೆ ಹೊಸದಾಗಿ ಹೇಳಬೇಕಿಲ್ಲ: ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಆ ಅಂತರ ತಪ್ಪಿದರೆ ದ್ರಾವಣ ಎಷ್ಟು ಚೆನ್ನಾಗಿ ಕಲಸಿದರೂ ಕೊಳೆ ಕೇಳುವುದಿಲ್ಲ. ಆ ವರ್ಷ ಕೆಳಗಿನ ಪಟ್ಟೆಯಲ್ಲಿ ಅರ್ಧಕ್ಕರ್ಧ ಕಾಯಿ ನೆಲಕ್ಕೆ ಬಿತ್ತು. “ಹೆಚ್ಚಿನ ಕೂಲಿಯ ಆಸೆಗೆ ಬೇರೆ ಕಡೆ ಹೋದ” ಎಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಎರಡು ವರ್ಷದ ಮೇಲೆ ಸಂತೆಯಲ್ಲಿ ಸಿಕ್ಕ. ಎಲೆ ಅಡಿಕೆ ಹಾಕಿಕೊಂಡೆವು. “ಯಾಕೆ ಬಿಟ್ಟೆ ಮಾರಾಯ, ಕೂಲಿ ಸಾಲದಿದ್ದರೆ ನನ್ನನ್ನೇ ಕೇಳಬಹುದಿತ್ತಲ್ಲ” ಎಂದೆ. ಅವನು ಬೇರೆಲ್ಲೋ ನೋಡುತ್ತ, “ಕೂಲಿ ಅಲ್ಲ ಅಯ್ಯಾ. ಆವತ್ತು ನೀವು ಅಲ್ಲೇ ಕೂತಿದ್ರಿ” ಎಂದ. ಅಷ್ಟೇ.

ಅರ್ಧ ದಿನದ ಕೂಲಿ ಒಂದು ಕಡೆ, ಕೆಳಗಿನ ಪಟ್ಟೆಯ ಅಡಿಕೆ ಇನ್ನೊಂದು ಕಡೆ. ಜಾನ್ ಲೀ ಮೇಸ್ತ್ರಿಗಳ ಅಧಿಕಾರವನ್ನು ಏಕೆ ಕಿತ್ತುಕೊಂಡ ಎಂದು ಓದಿದಾಗ ನನಗೆ ಪುಸ್ತಕ ಮುಚ್ಚಿಡಬೇಕೆನಿಸಿತು. ಈಗ ನಮ್ಮಲ್ಲಿ ಕೂಲಿ ಹಿಡಿಯುವ, ಬರಬೇಡ ಎನ್ನುವ ಮಾತನ್ನು ನಾನೇ ಆಡಬೇಕು, ಅದೂ ಮರುದಿನ, ಪ್ರತ್ಯೇಕವಾಗಿ. ಹಾಗೆ ನಿಯಮ ಮಾಡಿದ ಮೇಲೆ ಅಂಥ ಮಾತು ಆಡುವ ಸಂದರ್ಭ ಬಂದದ್ದು ಎರಡೇ ಸಲ. ಬೆಳಗಾಗುವುದರೊಳಗೆ ಸಿಟ್ಟು ಅರ್ಧ ಇಳಿದಿರುತ್ತದೆ.

ಫೋರ್ಡನ ದಾರಿಯನ್ನು ನಾವು ಇದ್ದ ಹಾಗೆ ಹಿಡಿಯಲಾಗುವುದಿಲ್ಲ. ಕೂಲಿ ಇಮ್ಮಡಿ ಮಾಡಿದರೆ ಅವನ ಸರಪಳಿ ಇನ್ನೂ ಸಲೀಸಾಗಿ ಓಡುತ್ತಿತ್ತು. ನಾವು ಇಮ್ಮಡಿ ಮಾಡಿದರೆ ಅಡಿಕೆ ಮರ ಇನ್ನೆರಡು ಕೊನೆ ಬಿಡುವುದಿಲ್ಲ. ನಮ್ಮ ಲಾಭವೇನಿದ್ದರೂ ತಪ್ಪಿದ ನಷ್ಟದಲ್ಲಿದೆ. ಅದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದು. ಕಾರ್ಖಾನೆ ವರ್ಷವಿಡೀ ಕೆಲಸ ಕೊಡಬಲ್ಲದು. ಎರಡು ಎಕರೆ ತೋಟವಿರುವ ನಮ್ಮ ಸದಸ್ಯರು ಮರ ಹತ್ತುವವನಿಗೆ ಎಷ್ಟು ದಿನ ಕೆಲಸ ಕೊಟ್ಟಾರು? ಎಕರೆಗೆ ಸುಮಾರು 550 ಮರ. ಎರಡು ಮೂರು ಸಿಂಪರಣೆ, ಮೂರು ನಾಲ್ಕು ಕೊಯ್ಲು. ಎಲ್ಲ ಸೇರಿ ಇಪ್ಪತ್ತು ದಿನ ಎಂದಿಟ್ಟುಕೊಳ್ಳಿ. ಉಳಿದ ಮುನ್ನೂರ ನಲವತ್ತೈದು ದಿನ ಅವನು ಏನು ತಿನ್ನಬೇಕು? ಪಟ್ಟಣದಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಾನೆ. ಹೋದವನು ನಮಗೆ ಬೇಕಾದ ಆ ಇಪ್ಪತ್ತು ದಿನಕ್ಕೆ ಸರಿಯಾಗಿ ಏಕೆ ಬರಬೇಕು? ಅವನ ಮಗನಾದರೂ ವರ್ಷಕ್ಕೆ ಇಪ್ಪತ್ತು ದಿನದ ಕಸುಬನ್ನು ಪ್ರಾಣ ಒತ್ತೆಯಿಟ್ಟು ಏಕೆ ಕಲಿಯಬೇಕು? ನಮ್ಮ ಯುವಕರಿಗೆ ಸೋಮಾರಿತನ ಬಂದಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರು ಲೆಕ್ಕ ಹಾಕುತ್ತಾರೆ, ಅಷ್ಟೇ. ನಮ್ಮ ಮಕ್ಕಳು ಬೆಂಗಳೂರಿಗೆ ಹೋದದ್ದೂ ಅದೇ ಲೆಕ್ಕದಿಂದ.

ಆದರೆ ನಮ್ಮದು ಅಡಿಕೆ ಮಾತ್ರ ಬೆಳೆಯುವ ಸೀಮೆಯಲ್ಲ, ಇದು ನಮ್ಮ ಭಾಗ್ಯ. ಎತ್ತರದಲ್ಲಿ ಕೆಲಸ ಮಾಡಬಲ್ಲವನಿಗೆ ನಮ್ಮ ಕಾಫಿ-ಅಡಿಕೆ-ಮೆಣಸಿನ ತೋಟಗಳಲ್ಲಿ ವರ್ಷವಿಡೀ ಕೆಲಸವಿದೆ, ಹೊಂದಿಸಿಕೊಟ್ಟರೆ. ಏಪ್ರಿಲ್ ಮೇ ತಿಂಗಳಲ್ಲಿ ಕಾಫಿ ತೋಟದ ಮರಗಸಿ. ಮೇ ಕೊನೆಯಿಂದ ಆಗಸ್ಟಿನವರೆಗೆ ಅಡಿಕೆಗೆ ಔಷಧಿ, ಕೊಟ್ಟೆ ಕಟ್ಟುವವರಿಗೆ ಅದು. ಅಕ್ಟೋಬರಿನಿಂದ ಜನವರಿಯವರೆಗೆ ಅಡಿಕೆ ಕೊಯ್ಲು. ಫೆಬ್ರವರಿ ಮಾರ್ಚಿನಲ್ಲಿ ಮೆಣಸು. ಸೆಪ್ಟೆಂಬರ್ ಒಂದೇ ಸ್ವಲ್ಪ ಸಡಿಲ. ಆಗ ತೋಟದ ಒಳಗಿನ ಚಿಲ್ಲರೆ ಕೆಲಸ ಮತ್ತು ಅವರ ಸ್ವಂತ ಗದ್ದೆ ಇದ್ದೇ ಇದೆ. ಒಬ್ಬೊಬ್ಬ ಸದಸ್ಯ ಒಂಟಿಯಾಗಿ ಈ ವರ್ಷವನ್ನು ಕಟ್ಟಿಕೊಡಲಾರ. ಇಪ್ಪತ್ತೈದು ಮೂವತ್ತು ಸದಸ್ಯರು ತಮ್ಮ ದಿನಗಳನ್ನು ಒಟ್ಟುಗೂಡಿಸಿದರೆ ನಾಲ್ಕು ಮಂದಿಯ ಒಂದು ತಂಡಕ್ಕೆ ವರ್ಷದಲ್ಲಿ ತಲಾ 240 ದಿನದ ಕೆಲಸವನ್ನು ಬರೆದುಕೊಡಬಹುದೆಂದು ಆಡಳಿತ ಮಂಡಳಿಯಲ್ಲಿ ಲೆಕ್ಕ ಹಾಕಿದ್ದೇವೆ. ಗೊಬ್ಬರವನ್ನು ಒಟ್ಟಿಗೆ ಕೊಳ್ಳುವವರು ದಿನಗಳನ್ನು ಒಟ್ಟಿಗೆ ಕೊಡಲಾರೆವೇ?

ಇದರಲ್ಲಿ ಒಂದು ದೊಡ್ಡ ತೊಡಕಿದೆ, ಮುಚ್ಚಿಡುವುದಿಲ್ಲ. ಮುಂಗಾರಿಗೆ ಮೊದಲಿನ ಆ ಹದಿನೈದು ದಿನ ಎಲ್ಲರಿಗೂ ಒಟ್ಟಿಗೇ ಬೇಕು. ಒಂದು ತಂಡ ಮೂವತ್ತು ತೋಟಕ್ಕೆ ಏಕಕಾಲದಲ್ಲಿ ಹೋಗಲಾರದು. ಕಾರ್ಬನ್ ಫೈಬರಿನ ದೋಟಿ ಬಂದ ಮೇಲೆ ನೆಲದಿಂದಲೇ ಔಷಧಿ ಹೊಡೆಯುವುದು, ಕೊಯ್ಯುವುದು ಸಾಧ್ಯವಾಗಿದೆಯಷ್ಟೇ. ಸಂಘದಿಂದ ಎರಡು ದೋಟಿ ತೆಗೆದರೆ ತಂಡ ಇಬ್ಭಾಗವಾಗಿ ಕೆಲಸ ಮಾಡೀತು. ಆದರೆ ದೋಟಿ ಬಂದರೆ ಕಸುಬುದಾರ ಬೇಡ ಎಂದು ತಿಳಿಯಬೇಡಿ. ಅರವತ್ತು ಅಡಿ ಉದ್ದದ ಕೋಲನ್ನು ದಿನವಿಡೀ ಹಿಡಿದು, ಗಾಳಿಯಲ್ಲಿ ಅದರ ತುದಿಯನ್ನು ಕೊನೆಗೆ ಸರಿಯಾಗಿ ತಾಗಿಸುವುದೂ ಒಂದು ಕಸುಬೇ. ವಿದ್ಯುತ್ ತಂತಿಯ ಹತ್ತಿರ ಆ ದೋಟಿ ಎತ್ತುವುದು ಪ್ರಾಣಕ್ಕೇ ಅಪಾಯ. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ.

ಕಲಿಸುವ ವಿಚಾರ. ತೆಂಗು ಅಭಿವೃದ್ಧಿ ಮಂಡಳಿಯವರು 2011ರಲ್ಲಿ ಕೇರಳದಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ಯೋಜನೆ ಆರಂಭಿಸಿ, ಯುವಕ ಯುವತಿಯರಿಗೆ ಆರು ದಿನ ಯಂತ್ರದ ನೆರವಿನಿಂದ ಮರ ಹತ್ತುವ ತರಬೇತಿ ಕೊಟ್ಟರು. ಜಾತಿ ಕಸುಬು ಎಂದು ಒಂದು ಗುಂಪಿಗೆ ಕಟ್ಟಿಹಾಕಿದ್ದನ್ನು ಯಾರು ಬೇಕಾದರೂ ಕಲಿಯುವ ವಿದ್ಯೆ ಮಾಡಿದ್ದೇ ಅದರ ದೊಡ್ಡ ಗುಣ. ನಮ್ಮಲ್ಲೂ ಕಲಿಯುವ ಹುಡುಗರಿಗೆ ಕಲಿಯುವ ದಿನಗಳ ಕೂಲಿಯನ್ನು ಸಂಘ ಕೊಡಬೇಕು, ಸೊಂಟದ ಬೆಲ್ಟು ಮತ್ತು ಹಗ್ಗ ಸಂಘದ್ದೇ ಇರಬೇಕು, ತಂಡದ ಪ್ರತಿಯೊಬ್ಬನಿಗೂ ಅಪಘಾತ ವಿಮೆ ಇರಬೇಕು. ವಿಮೆಯಿಲ್ಲದವನನ್ನು ಮರಕ್ಕೆ ಹತ್ತಿಸುವುದಿಲ್ಲ ಎಂಬ ವಿಷಯದಲ್ಲಿ ಆಡಳಿತ ಮಂಡಳಿಯಲ್ಲಿ ಎರಡು ಮಾತಿಲ್ಲ. ಕಲಿಸುವವರಾಗಿ ಈಗ ಮರ ಹತ್ತಲಾರದ ಹಳಬರನ್ನೇ ಕರೆಯಬೇಕೆಂದು ನನ್ನ ಸೂಚನೆ. ಸಂತೆಯಲ್ಲಿ ಸಿಕ್ಕಿದವನನ್ನೂ ಕೇಳಿದ್ದೇನೆ. ಬರುತ್ತೇನೆ ಎಂದೂ ಹೇಳಿಲ್ಲ, ಬರುವುದಿಲ್ಲ ಎಂದೂ ಹೇಳಿಲ್ಲ.

ಮುಂಗಡದ ವಿಚಾರವನ್ನೂ ಹೇಳಿಬಿಡಬೇಕು. ಮುಂಗಡ ಕೊಟ್ಟರೆ ಆಳು ಕಟ್ಟಿಹಾಕಿದ ಹಾಗೆ ಎಂದು ನಮ್ಮ ಹಿರಿಯರು ನಂಬಿದ್ದರು, ಕೆಲವರು ಈಗಲೂ ನಂಬುತ್ತಾರೆ. ಸಾಲ ತೀರುವವರೆಗೆ ಬೇರೆ ಕಡೆ ಹೋಗಕೂಡದು ಎಂದು ದುಡಿಸಿಕೊಳ್ಳುವುದು 1976ರ ಜೀತ ಪದ್ಧತಿ ರದ್ದತಿ ಕಾಯಿದೆಯ ಪ್ರಕಾರ ಅಪರಾಧ. ಕಾಯಿದೆಯ ಮಾತು ಹಾಗಿರಲಿ, ಹಾಗೆ ನಿಂತವನು ಕೈಯಿಂದ ಮಾತ್ರ ಕೆಲಸ ಮಾಡುತ್ತಾನೆ. ಯಾವ ಮರದ ತಲೆ ಒಣಗುತ್ತಿದೆ ಎಂದು ಮೇಲಿನಿಂದ ಕೂಗಿ ಹೇಳುವುದಿಲ್ಲ. ಕಷ್ಟಕ್ಕೆ ಸಾಲ ಕೊಡಬೇಕಾದರೆ ಅದಕ್ಕೆ ಬೇರೆ ಪುಸ್ತಕವಿರಲಿ, ಕೂಲಿಯ ಪುಸ್ತಕ ಬೇರೆಯಿರಲಿ.

ಲೈನ್ ಮನೆಗಳಿರುವ ಸದಸ್ಯರಿಗೂ ಒಂದು ಮಾತು. ಫೋರ್ಡನ ಇನ್‌ಸ್ಪೆಕ್ಟರುಗಳನ್ನು ಓದಿ ನಕ್ಕಿದ್ದರೆ, ನಾವು ಕಳೆದ ತಿಂಗಳು ಯಾರ ಮನೆಯಲ್ಲಿ ಎಷ್ಟು ಹೊತ್ತು ಟಿವಿ ಓಡುತ್ತದೆ ಎಂದು ವಿಚಾರಿಸಿದ್ದನ್ನೂ ನೆನಪು ಮಾಡಿಕೊಳ್ಳೋಣ. ಮನೆಗೆ ಬೇಕಾದದ್ದು ಸೋರದ ಮಾಡು, ನೀರು, ಕಕ್ಕಸು, ಮಕ್ಕಳು ಶಾಲೆಗೆ ಹೋಗುವ ದಾರಿ. ಇಷ್ಟನ್ನು ಕೊಟ್ಟು ನಮ್ಮ ದೃಷ್ಟಿಯನ್ನು ಬಾಗಿಲಿನ ಹೊರಗೇ ಇಟ್ಟುಕೊಂಡರೆ ಸಾಕು.

ತಂಡಕ್ಕೆ ಸೇರಬಯಸುವ ಸದಸ್ಯರು ತಮ್ಮ ಮರಗಳ ಸಂಖ್ಯೆ, ಕಾಫಿ ತೋಟದ ವಿಸ್ತೀರ್ಣ ಮತ್ತು ಯಾವ ತಿಂಗಳು ಎಷ್ಟು ದಿನ ಬೇಕು ಎಂಬುದನ್ನು ಬರೆದು ಯುಗಾದಿಯೊಳಗೆ ಸಂಘದ ಕಚೇರಿಗೆ ತಲುಪಿಸಬೇಕು. ನಮೂನೆ ಕಚೇರಿಯಲ್ಲೂ ಗೊಬ್ಬರದ ಗೋದಾಮಿನಲ್ಲೂ ಸಿಗುತ್ತದೆ. ಬರೆದುಕೊಟ್ಟ ದಿನಗಳಿಗೆ ಕೆಲಸ ಕೊಡಲಾಗದಿದ್ದರೆ ಅರ್ಧ ಕೂಲಿಯನ್ನು ಸದಸ್ಯರೇ ಭರಿಸಬೇಕಾಗುತ್ತದೆ. ಇದು ಕೆಲವರಿಗೆ ಕಹಿಯಾದೀತು, ಆದರೆ ಇದಿಲ್ಲದೆ ಯಾವ ಹುಡುಗನೂ ನಮ್ಮ ಮಾತನ್ನು ನಂಬುವುದಿಲ್ಲ. ಮುಂಗಾರಿಗೆ ಮೊದಲಿನ ಸಿಂಪರಣೆಗೆ ಸರದಿಯನ್ನು ಸದಸ್ಯರ ಎದುರಿನಲ್ಲೇ ಚೀಟಿ ಎತ್ತಿ ನಿಗದಿ ಮಾಡಲಾಗುವುದು. ಕಳೆದ ವರ್ಷ ಮೊದಲ ಔಷಧಿ ಬೀಳದ ತೋಟಗಳಿಗೆ ಚೀಟಿಯಿಲ್ಲದೆಯೇ ಮೊದಲ ಸರದಿ. ನಿರ್ದೇಶಕರ ಮತ್ತು ಕಾರ್ಯದರ್ಶಿಯ ತೋಟಗಳು ಪಟ್ಟಿಯ ಕೊನೆಯಲ್ಲಿರುತ್ತವೆ.